ಕುರಿ ಹಿಡಿದ ಖೂನ

ನಾರ್ವೆಗೆ ಹೋಗಿ ಬಂದವಳು ಎಂದು ತಿಳಿದರೆ ಎಲ್ಲರೂ ಮೊದಲು ಕೇಳುವುದು ಹಿಮದ ಸುದ್ದಿ. ನಾನು ಹಿಮ ನೋಡಲಿಲ್ಲ. ಹೋದದ್ದು ಬೇಸಗೆಯಲ್ಲಿ, ಸೂರ್ಯ ಮುಳುಗಲು ಮನಸ್ಸು ಮಾಡದ ದಿನಗಳಲ್ಲಿ. ಆಮೇಲೆ ಕೇಳುವುದು ಅಲ್ಲಿ ಏನು ಕಲಿತೆ ಎಂದು. ಕುರಿಯ ರಕ್ತ ತೊಳೆಯುವುದನ್ನು ಎಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಕೇಳಿದವರು ನೀರು ಕುಡಿಯಲು ಏಳುತ್ತಾರೆ. ಹೀಗಾಗಿ ಈ ಪ್ರವಾಸವನ್ನು ಪೂರ್ತಿಯಾಗಿ ಯಾರಿಗೂ ಹೇಳಿದ್ದಿಲ್ಲ.

ಕಮಲಾಪುರ, ಹೊರಡುವ ಮೊದಲು

ನನ್ನ ತಾಯಿ ತೀರಿಕೊಂಡಾಗ ನಾನು ಚಿಕ್ಕವಳು. ತಾಯಿಯ ತಂಗಿ, ಅಂದರೆ ನನ್ನ ಸಣ್ಣವ್ವ, ಕಮಲಾಪುರದ ತನ್ನ ಗಂಡನ ಮನೆಗೆ ಕರೆದುಕೊಂಡು ಹೋಗಿ ನನ್ನನ್ನು ಬೆಳೆಸಿದಳು. ಆ ಮನೆಗೆ ಕೆಂಪು ಬಾಳೆಯ ತೋಟವಿತ್ತು. ಅಣ್ಣ ತಮ್ಮಂದಿರು ತೋಟದಲ್ಲಿ, ಅವರ ಹೆಂಡಂದಿರು ಒಲೆಯ ಮುಂದೆ. ಸಣ್ಣವ್ವನ ಹಿರಿಯ ನೆಗೆಣ್ಣಿಯನ್ನು, ಅಂದರೆ ಅವಳ ಗಂಡನ ಅಣ್ಣನ ಹೆಂಡತಿಯನ್ನು, ನಾನು ದೊಡ್ಡವ್ವ ಎನ್ನುತ್ತಿದ್ದೆ.

ರಜಾಕಾರರ ಗಲಾಟೆಯ ಕಾಲದಲ್ಲಿ ಮನೆಯ ಗಂಡಸರು ನಿಜಾಮನ ಗಡಿ ದಾಟಿ ಸೋಲಾಪುರದ ಕಡೆ ಹೋದರು. ಹಾಗೆ ಹೋಗುವವರು ಬಹಳ ಮಂದಿ ಇದ್ದರು. ಸಣ್ಣವ್ವ ಹಿತ್ತಿಲ ಬಾಗಿಲಲ್ಲಿ ಅವರಿಗೆ ರೊಟ್ಟಿ ಕಟ್ಟಿಕೊಡುತ್ತಿದ್ದಳು. ಹಿಟ್ಟು ಇರುವವರೆಗೂ ಬಡಿದಳು. ಪೊಲೀಸ್ ಆಕ್ಷನ್ ಆಯಿತು, ಗಂಡಸರು ತಿರುಗಿ ಬಂದರು, ಕಚೇರಿಗಳ ಮೇಲಿನ ಬಾವುಟ ಬದಲಾಯಿತು. ಅದಾದ ಮೇಲೆ ಸಣ್ಣವ್ವನ ಬೆರಳುಗಳು ಬಾತವು.

ಬಾವು ದಿನವಿಡೀ ಒಂದೇ ಸಮ ಇರುತ್ತಿರಲಿಲ್ಲ, ತೊಂದರೆ ಇದ್ದದ್ದೇ ಅಲ್ಲಿ. ಮುಂಜಾನೆ ಅವಳಿಗೆ ಮುಷ್ಟಿ ಕಟ್ಟಲು ಬರುತ್ತಿರಲಿಲ್ಲ. ಹಣೆಗೆ ಕುಂಕುಮ ಇಟ್ಟುಕೊಂಡರೆ ಬೊಟ್ಟು ದುಂಡಗೆ ನಿಲ್ಲದೆ ಹುಬ್ಬಿನ ಕಡೆಗೆ ಹರಡಿಕೊಳ್ಳುತ್ತಿತ್ತು. ಬಿಸಿಲು ಏರಿದ ಹಾಗೆ ಬೆರಳು ಸಡಿಲವಾಗುತ್ತಿದ್ದವು. ಮಧ್ಯಾಹ್ನ ಮುಖ ತೊಳೆದು ಮತ್ತೆ ಇಟ್ಟುಕೊಂಡ ಬೊಟ್ಟು ಅಚ್ಚು ಹಾಕಿದಷ್ಟು ದುಂಡಗಿರುತ್ತಿತ್ತು. ಮನೆಯಲ್ಲಿ ಎಲ್ಲರಿಗೂ ಕಾಣುತ್ತಿದ್ದದ್ದು ಆ ದುಂಡು ಬೊಟ್ಟು.

"ಮುಂಜಾನಿ ರೊಟ್ಟಿ ಹೊತ್ತಿಗಿ ಬರ್ತದ, ಊಟ ಆದ ಮ್ಯಾಲ ಹೋಗ್ತದ. ಬ್ಯಾನಿಗಿ ಗಡಿಯಾರ ಕಟ್ಟ್ಯಾರೇನು?" ಎನ್ನುತ್ತಿದ್ದಳು ದೊಡ್ಡವ್ವ. "ಆವಾಗ ಊರಿಗೆಲ್ಲ ರೊಟ್ಟಿ ಬಡದಾಕಿ, ಈಗ ಮನಿ ಮಂದಿಗಿ ಬಡ್ಯಾಕ ಆಗಂಗಿಲ್ಲಂತ."

ಸಣ್ಣವ್ವನ ಪಾಲಿನ ರೊಟ್ಟಿಯನ್ನೂ ದೊಡ್ಡವ್ವನೇ ಬಡಿಯುತ್ತಿದ್ದಳು. ಅವಳ ಕೈಗಳೂ ದಣಿದಿದ್ದವು. ಅದು ನನಗೆ ಆಗ ಹೊಳೆದಿರಲಿಲ್ಲ.

ಶಹಾಬಜಾರ

ನಾನು ಹೈದರಾಬಾದಿನಲ್ಲಿ ಓದಿದವಳು. ಶುರು ಮಾಡಿದ್ದು ಉರ್ದುವಿನಲ್ಲಿ. ಆಕ್ಷನ್ ಆದ ಮೇಲೆ ಪಾಠಗಳು ಇಂಗ್ಲಿಷಿಗೆ ತಿರುಗಿದವು. ಹಾಗಾಗಿ ನನ್ನ ತಲೆಯಲ್ಲಿ ಒಂದೊಂದು ವಸ್ತುವಿಗೆ ಮೂರು ಹೆಸರು. ಪರೀಕ್ಷೆಯಲ್ಲಿ ಸರಿಯಾದದ್ದು ಸರಿಯಾದ ಹೊತ್ತಿಗೆ ಬರುತ್ತಿತ್ತು. ಬೇರೆ ಕಡೆ ಯಾವಾಗಲೂ ಹಾಗೆ ಆಗುವುದಿಲ್ಲ.

ರಕ್ತಪರೀಕ್ಷೆಯ ಕೆಲಸ ಕಲಿಯಲು ಓಸ್ಲೋಗೆ ಹೋಗುವ ವಿದ್ಯಾರ್ಥಿವೇತನ ಸಿಕ್ಕಾಗ ಸಣ್ಣವ್ವನನ್ನು ಕಲಬುರಗಿಗೆ ಕರೆತಂದೆ. ಶಹಾಬಜಾರದ ಗಲ್ಲಿಯಲ್ಲಿ ಒಬ್ಬ ಮುದಿ ಡಾಕ್ಟರ್ ಸಾಹೇಬರಿದ್ದರು. ಅವರು ಸಣ್ಣವ್ವನ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿ, ಗಠಿಯಾ ಇರಬಹುದು ಎಂದರು. ಉರ್ದುವಿನಲ್ಲಿ ಕೀಲುಬೇನೆಗೆ ಅದೇ ಹೆಸರು. ಗಂಟು ಕಟ್ಟುವ ರೋಗ. ಮನೆಯಲ್ಲಿ ಯಾರೂ ನಂಬುವುದಿಲ್ಲ ಎಂದು ನಾನು ಹೇಳಿದೆ.

"ಹಾತಾಂ ಸಚ್ ಬೋಲ್ರೈಂ, ಬೇಟಿ," ಎಂದರು. "ಗವಾ ನೈ, ಬಸ್."

ಕೈಗಳು ನಿಜವನ್ನೇ ಹೇಳುತ್ತಿವೆ, ಸಾಕ್ಷಿ ಇಲ್ಲ ಅಷ್ಟೆ.

ಆ ಸಾಕ್ಷಿಯನ್ನು ಹುಡುಕುವ ಪರೀಕ್ಷೆಯೊಂದು ಓಸ್ಲೋದಲ್ಲಿ ಇತ್ತು. ನಾನು ಕಲಿಯಲು ಹೊರಟದ್ದು ಅದನ್ನೇ. ಕೀಲುಬೇನೆಯವರ ರಕ್ತದಲ್ಲಿ ಒಂದು ವಸ್ತು ಇರುತ್ತದೆ. ಶರೀರ ಹೊರಗಿನ ವೈರಿಯ ಮೇಲೆ ಬಿಡಬೇಕಾದದ್ದನ್ನು ತನ್ನ ಕಡೆಗೇ ತಿರುಗಿಸಿಕೊಂಡ ಹಾಗೆ ಅದು. ಕಣ್ಣಿಗೆ ಕಾಣುವುದಿಲ್ಲ, ಹದ ಮಾಡಿದ ಕುರಿಯ ರಕ್ತಕಣಗಳಿಗೆ ಬೆರೆಸಿದರೆ ಕಣಗಳು ಒಂದಕ್ಕೊಂದು ಅಂಟಿಕೊಂಡು ಅದನ್ನು ತೋರಿಸಿಕೊಡುತ್ತವೆ. ಸಾಹೇಬರಿಗೆ ಇದನ್ನು ವಿವರಿಸಿದಾಗ ಅವರು ಸೂಜಿ ಕುದಿಯಲು ಇಟ್ಟರು. ಖೂನ್ ಕೊಡಬೇಕಾಗುತ್ತದೆ ಎಂದು ಸಣ್ಣವ್ವನಿಗೆ ಹೇಳಿದರು. ಅವಳು ನನ್ನ ಕಡೆ ತಿರುಗಿದಳು.

"ಖೂನ ಅಂದರ? ಎದರ ಖೂನ?"

ನಮ್ಮ ಮಾತಿನಲ್ಲಿ ಖೂನ ಎಂದರೆ ಗುರುತು. ಖೂನ ಹಿಡಿ ಎಂದರೆ ಗುರುತು ಹಿಡಿ. ಸಾಹೇಬರ ಖೂನ್ ಎಂದರೆ ರಕ್ತ. ನಾನು ಬಿಡಿಸಿ ಹೇಳಿದಾಗ ಸಣ್ಣವ್ವ ನಕ್ಕಳು, ಎರಡೂ ಒಂದೇ ಆತಲ್ಲ ಎಂದು ಕೈ ಚಾಚಿದಳು.

ರಕ್ತ ಹೆಪ್ಪುಗಟ್ಟಿ ಮೇಲೆ ನಿಂತ ತಿಳಿಯನ್ನು ಬೇರೆ ಮಾಡಿ, ಕೆಡದಂತೆ ಮದ್ದು ಹಾಕಿ, ಗಾಜಿನ ಸಣ್ಣ ಶೀಷೆಯಲ್ಲಿ ತುಂಬಿ ಬಾಯಿಯನ್ನು ಬೆಂಕಿಯಲ್ಲಿ ಕರಗಿಸಿ ಮುಚ್ಚಿದೆವು. ಬಸ್ಸಿಗೆ ಕಾಯುವಾಗ ಸಣ್ಣವ್ವ ರಸ್ತೆಯನ್ನೇ ನೋಡುತ್ತ ಹೇಳಿದಳು:

"ಖೂನ ಸಿಕ್ಕರ ಎಲ್ಲಾರ ಮುಂದ ಹೇಳು, ಮಗಳ. ಸಿಗಲಿಲ್ಲಂದರ ಶೀಷಿ ಒಡೀತು ಅಂದುಬಿಡು. ಇಲ್ಲಂತ ಮಾತ್ರ ಆ ಮನ್ಯಾಗ ಅನಬ್ಯಾಡ. ಅಲ್ಲೇ ಬಾಳ್ವಿ ಮಾಡಾಕಿ ನಾ."

ಹಡಗು

ಮುಂಬೈಯಿಂದ ಹೊರಟ ಹಡಗಿನಲ್ಲಿ ನನ್ನ ಮೊದಲ ಕೆಲಸ ಆ ಶೀಷೆಗೆ ತಂಪು ಜಾಗ ಹುಡುಕುವುದು. ಅಡಿಗೆಕೋಣೆಯ ಮೇಲ್ವಿಚಾರಕ ಗೋವೆಯ ಮನುಷ್ಯ. ಹೊಂಬಣ್ಣದ ತಿಳಿಯನ್ನು ಬೆಳಕಿಗೆ ಹಿಡಿದು, ಅತ್ತರೇ ಎಂದು ಕೇಳಿದ. ಕಲಬುರಗಿಯ ದರ್ಗಾದ ಮುಂದೆ ಮಾರುವ ಅತ್ತರಿನ ಶೀಷೆಯ ಹಾಗೆಯೇ ಅದು ಕಾಣುತ್ತಿತ್ತು. ನಾನು ಹೌದೆಂದೆ. ನಿಜ ಹೇಳಿದ್ದರೆ ಬೆಣ್ಣೆಯ ಪಕ್ಕದಲ್ಲಿ ಇಡುತ್ತಿರಲಿಲ್ಲ.

ಸಮುದ್ರದ ಬಗ್ಗೆ ಹೇಳಲು ನನ್ನಲ್ಲಿ ಹೆಚ್ಚೇನಿಲ್ಲ. ಅದು ನಮ್ಮ ಕರಿಮಣ್ಣಿನ ಹೊಲಗಳಷ್ಟೇ ಸಪಾಟಾಗಿತ್ತು ಮತ್ತು ಅಷ್ಟೇ ಮೌನವಾಗಿತ್ತು. ದಿನಗಳು ಒಂದರೊಳಗೊಂದು ಕರಗಿದವು. ನಾನು ಕಟಕಟೆಯ ಹತ್ತಿರ ಕೂತು, ಸಣ್ಣವ್ವನ ಒಂದು ಪಾಲು ಕೆಳಗೆ ಮಂಜುಗಡ್ಡೆಯ ನಡುವೆ ನನ್ನ ಜೊತೆಗೇ ಪ್ರಯಾಣ ಮಾಡುತ್ತಿದೆ ಎಂದು ಯೋಚಿಸುತ್ತಿದ್ದೆ. ಅವಳು ಕಲಬುರಗಿ ದಾಟಿ ಎಲ್ಲಿಗೂ ಹೋದವಳಲ್ಲ. ಹೋಗದೆಯೂ ಎಲ್ಲೋ ಹೋಗುತ್ತಿದ್ದಳು.

ಇಳಿಯುವ ದಿನ ಆ ಮನುಷ್ಯ ಶೀಷೆಯನ್ನು ಕೈವಸ್ತ್ರದಲ್ಲಿ ಸುತ್ತಿ ತಂದುಕೊಟ್ಟು, ನಿಮ್ಮ ಅತ್ತರು ನಿಮಗೆ ಬಹಳ ಬೇಕಾದವರದ್ದಿರಬೇಕು ಎಂದ. ನಾನು ಅದಕ್ಕೂ ಹೌದೆಂದೆ. ಆ ಸಲ ಹೇಳಿದ್ದು ನಿಜವಾಗಿತ್ತು.

ಓಸ್ಲೋ, ಕತ್ತಲಾಗದ ಊರು

ಮೊದಲ ಮುಂಜಾನೆಯೇ ಮೋಸ ಹೋದೆ. ಕಿಟಕಿಯ ತುಂಬ ಬೆಳಕು ನೋಡಿ ಎದ್ದು, ಸ್ನಾನ ಮಾಡಿ, ಸೀರೆ ಉಟ್ಟು ಪ್ರಯೋಗಾಲಯಕ್ಕೆ ಹೊರಟೆ. ಬೀದಿಗಳು ಖಾಲಿ. ಅಂಗಡಿಗಳ ಬಾಗಿಲು ಮುಚ್ಚಿದ್ದವು, ಟ್ರಾಮಿನ ಹಳಿಗಳು ಮಿನುಗುತ್ತಿದ್ದವು. ಒಂದು ಬೆಕ್ಕು ರಸ್ತೆಯ ಮಧ್ಯದಲ್ಲಿ ಮಲಗಿ ಮೈ ನೆಕ್ಕಿಕೊಳ್ಳುತ್ತಿತ್ತು. ಇಡೀ ಊರು ಹಾಡುಹಗಲಲ್ಲಿ ನಿದ್ದೆ ಮಾಡುತ್ತಿತ್ತು, ನಾನೊಬ್ಬಳೇ ಅದರ ಕನಸಿನೊಳಗೆ ನಡೆಯುತ್ತಿದ್ದ ಹಾಗೆ.

ಒಬ್ಬ ಪೊಲೀಸನು ಎದುರಾದ. ನಮ್ಮ ಕಡೆ ಆ ವರ್ಷಗಳಲ್ಲಿ ಪೊಲೀಸ್ ಎಂಬ ಪದ ಕೇಳಿದರೆ ಜನ ಮೊದಲು ಬಾಗಿಲ ಚಿಲಕ ನೋಡುತ್ತಿದ್ದರು. ಇವನು ತನ್ನ ಕೈಗಡಿಯಾರವನ್ನು ನನಗೆ ತೋರಿಸಿದ. ಬೆಳಗಿನ ನಾಲ್ಕು ಗಂಟೆ; ಅಲ್ಲಿಯವರ ಲೆಕ್ಕದಲ್ಲಿ ಅದಿನ್ನೂ ನಡುರಾತ್ರಿಯ ಹೊತ್ತು. ಅವನು ಒಂದು ಮಾತೂ ಆಡದೆ ನನ್ನನ್ನು ಮನೆಯವರೆಗೆ ಬಿಟ್ಟು, ಟೋಪಿ ಮುಟ್ಟಿ ಹೋದ.

ಆ ಊರಿನ ಮೌನ ನನಗೆ ಹಿಡಿಸಿತು. ಟ್ರಾಮಿನಲ್ಲಿ ಯಾರೂ ಯಾರ ಊರು ಯಾವುದು, ಮದುವೆ ಆಗಿದೆಯೇ ಎಂದು ಕೇಳುವುದಿಲ್ಲ. ನನ್ನ ಮಾತು ಕಡಿಮೆ ಎಂದು ಕಲಬುರಗಿಯಲ್ಲಿ ಎಷ್ಟೋ ಜನ ಕಾರಣ ಕೇಳಿದ್ದಾರೆ; ಅಲ್ಲಿ ಅದು ಯಾರ ಗಮನಕ್ಕೂ ಬರಲಿಲ್ಲ. ಮನೆಯೊಳಗೆ ಹೋಗುವಾಗ ಅವರೂ ಕಾಲಿನ ಜೋಡನ್ನು ಬಾಗಿಲಲ್ಲೇ ಬಿಡುತ್ತಾರೆ. ಅವರ ಕಂದು ಬಣ್ಣದ ಚೀಸ್ ಬೆಲ್ಲ ಹಾಕಿದ ಖೋವಾದ ಹಾಗಿರುತ್ತದೆ, ಆದರೆ ಅದನ್ನು ಖಾರದ ಜೊತೆ ತಿನ್ನಲು ಹೋಗಿ ನಾನಿದ್ದ ಬಾಡಿಗೆ ಮನೆಯ ಒಡತಿಯನ್ನು ಗಾಬರಿಪಡಿಸಿದೆ.

ಆಕೆ ಒಂದು ದಿನ ಕಪಾಟು ತೆರೆದು ತಮ್ಮ ತೆಳು ರೊಟ್ಟಿಗಳ ಅಟ್ಟಿಯನ್ನು ತೋರಿಸಿದಳು. ನಮ್ಮ ಖಡಕ್ ರೊಟ್ಟಿಯೇ! ಮುರಿದರೆ ಅದೇ ಸದ್ದು. ಊರಲ್ಲಿ ಅವಳ ತಾಯಿ ಮತ್ತು ನೆರೆಯ ಹೆಂಗಸರು ಒಟ್ಟಿಗೆ ಕೂತು ಲಟ್ಟಿಸಿ ಸುಡುತ್ತಾರಂತೆ, ಅದು ಚಳಿಗಾಲವೆಲ್ಲ ಇರುತ್ತದಂತೆ. ನೀವು ಎಷ್ಟು ದಿನಕ್ಕೊಮ್ಮೆ ಮಾಡುತ್ತೀರಿ ಎಂದು ಕೇಳಿದಳು. ದಿನಾ ಮುಂಜಾನೆ, ಕೈಯಲ್ಲಿ ಬಡಿದು ಎಂದೆ. ಅವಳು ನನ್ನ ಕೈಗಳನ್ನು ನೋಡಿದಳು. ನನ್ನವಲ್ಲ, ನಮ್ಮ ಮನೆಯವರ ಕೈಗಳು ಎಂದು ಹೇಳಬೇಕಾಯಿತು.

ಕುರಿಗಳ ಹತ್ತಿರ

ಪ್ರಯೋಗಾಲಯದ ಕುರಿಗಳು ಊರ ಅಂಚಿನ ಗುಡ್ಡದ ಮೇಲಿದ್ದವು. ನಮ್ಮ ಕಡೆಯ ಕರಿ ಕುರಿಗಳಲ್ಲ. ಮೈತುಂಬ ಬಿಳಿ ಉಣ್ಣೆ, ಕೊರಳಲ್ಲಿ ಗಂಟೆ. ಹಿಂದೆ ಕಂಬಳಿ ಹೊದ್ದ ಕುರುಬನೂ ಇಲ್ಲ, ನಾಯಿಯೂ ಇಲ್ಲ. ಮೋಡದ ತುಂಡುಗಳು ಮೇಯುತ್ತಿದ್ದ ಹಾಗೆ ಕಾಣುತ್ತಿತ್ತು.

ನನಗೆ ಕೆಲಸ ಕಲಿಸುತ್ತಿದ್ದ ಇಂಗ್ರಿಡ್ ನನಗಿಂತ ತುಸು ದೊಡ್ಡವಳು, ಡಾಕ್ಟರು. ಅವಳು ಕುರಿಯ ಕತ್ತು ಸವರುತ್ತ ಸ್ವಲ್ಪವೇ ರಕ್ತ ತೆಗೆದು ಅದನ್ನು ಬಿಟ್ಟುಬಿಡುತ್ತಿದ್ದಳು. ಕುರಿ ಏನೂ ಆಗಿಲ್ಲವೆಂಬಂತೆ ಹುಲ್ಲಿಗೆ ಬಾಯಿ ಹಾಕುತ್ತಿತ್ತು. ಆ ರಕ್ತದ ಕಣಗಳನ್ನು ಉಪ್ಪುನೀರಿನಲ್ಲಿ ಮತ್ತೆ ಮತ್ತೆ ತೊಳೆಯುವುದು ನನ್ನ ಕೆಲಸ. ಅಕ್ಕಿ ತೊಳೆದ ಹಾಗೆ: ನೀರು ತಿಳಿಯಾಗುವವರೆಗೂ. ಹಾಗೆ ತೊಳೆದ ಕಣಗಳಿಗೆ ಮೊಲದ ರಕ್ತದ ತಿಳಿಯನ್ನು ತೆಳ್ಳಗೆ ಲೇಪಿಸಿದರೆ ಅವು ಸಿದ್ಧ.

ಪರೀಕ್ಷೆ ಇನ್ನೂ ಎಳೆಯದು ಎಂದು ಇಂಗ್ರಿಡ್ ಮೊದಲೇ ಎಚ್ಚರಿಸಿದ್ದಳು. ಬೇನೆ ಇದ್ದೂ ಕೆಲವರ ರಕ್ತ ಮಾತಾಡುವುದಿಲ್ಲ, ಬೇನೆ ಇಲ್ಲದ ಕೆಲವರದ್ದು ಸುಮ್ಮನೆ ಮಾತಾಡುತ್ತದೆ. ಇದನ್ನು ಹೆಚ್ಚು ನಂಬುವ ಹಾಗೆ ಮಾಡುವುದೇ ಅಲ್ಲಿ ಎಲ್ಲರ ಕೆಲಸವಾಗಿತ್ತು. ಕಣಗಳು ಗಂಟುಕಟ್ಟಿದರೆ ರೋಗ ಇದೆ ಎಂದು ಅರ್ಥ, ಎಂದು ಇಂಗ್ಲಿಷಿನಲ್ಲಿ ಹೇಳಿದಳು. ನನಗೆ ಅದು ಸುಲಭವಾಗಿ ಮನಸ್ಸಿಗೆ ಇಳಿಯಿತು. ಗಠಿಯಾ ಎಂದರೆ ಗಂಟು; ಗಂಟು ಕಂಡರೆ ಗಠಿಯಾ. ಮತ್ತೆ ಕೇಳಬೇಕೆಂದು ಅನಿಸಲಿಲ್ಲ.

ಒಂದು ದಿನ ಅವಳ ಒಪ್ಪಿಗೆ ಪಡೆದು ಸಣ್ಣವ್ವನ ಶೀಷೆಯ ಕತ್ತು ಮುರಿದೆ. ತಿಳಿಗೆ ಉಪ್ಪುನೀರು ಬೆರೆಸಿ ಬರಬರುತ್ತ ತೆಳುವಾಗಿಸುತ್ತ ನಳಿಕೆಗಳ ಸಾಲಿಗೆ ಹಾಕಿದೆ. ಆರೋಗ್ಯವಂತರೊಬ್ಬರ ತಿಳಿಯ ಸಾಲನ್ನು ಪಕ್ಕದಲ್ಲಿಟ್ಟೆ. ಎಲ್ಲಕ್ಕೂ ಕುರಿಯ ಕಣಗಳನ್ನು ಸೇರಿಸಿ, ಮರುದಿನದವರೆಗೆ ತಂಪುಕೋಣೆಯಲ್ಲಿ ಬಿಟ್ಟು ಬಂದೆ.

ಬಂದರದ ಬೆಂಚು

ಮರುದಿನ ಇಂಗ್ರಿಡ್ ಬರುವ ಮೊದಲೇ ಹೋಗಿ ನಳಿಕೆಗಳನ್ನು ಕನ್ನಡಿಯ ಮೇಲೆ ಹಿಡಿದು ಅದರಲ್ಲಿ ಅವುಗಳ ತಳ ನೋಡಿದೆ. ಆರೋಗ್ಯವಂತರ ಸಾಲಿನಲ್ಲಿ ಪ್ರತಿ ನಳಿಕೆಯ ತಳದಲ್ಲೂ ಒಂದು ಕೆಂಪು ಬೊಟ್ಟು, ಗಟ್ಟಿಯಾಗಿ, ದುಂಡಗೆ, ಗಂಟಿನ ಹಾಗೆ. ಸಣ್ಣವ್ವನ ಸಾಲಿನಲ್ಲಿ ಬೊಟ್ಟೇ ಇರಲಿಲ್ಲ. ತಳವೆಲ್ಲ ತೆಳು ಕೆಂಪು ಹರಡಿಕೊಂಡಿತ್ತು, ಯಾರೋ ಕೈಯಿಂದ ಒರೆಸಿದ ಹಾಗೆ.

ಗಂಟಿಲ್ಲ. ಅಂದರೆ ಗಠಿಯಾ ಇಲ್ಲ. ಪಕ್ಕದ ಸಾಲಿನಲ್ಲಿ ಗಂಟು ಯಾಕೆ ಬಂತು ಎಂದು ಒಂದು ಕ್ಷಣ ಅನ್ನಿಸಿದರೂ, ಇಂಗ್ರಿಡ್ ಹೇಳಿದ ಹಾಗೆ ಅದು ಸುಮ್ಮನೆ ಮಾತಾಡುವ ರಕ್ತವಿರಬೇಕು ಎಂದುಕೊಂಡೆ. ಸಣ್ಣವ್ವನ ಸಾಲಿನ ಮುಂದೆ 'ಇಲ್ಲ' ಎಂದು ಬರೆದು ಹೊರಗೆ ನಡೆದೆ.

ಬಂದರದ ಬೆಂಚಿನ ಮೇಲೆ ಬಹಳ ಹೊತ್ತು ಕೂತೆ. ನನ್ನನ್ನು ಸಾಕಿದವಳಿಗೆ ಕೈಗಳನ್ನು ತಿರುಚುವ ರೋಗವಿಲ್ಲ ಎಂದು ಸಂತೋಷವಾಗಬೇಕಿತ್ತು. ಆಗಲಿಲ್ಲ. ರೋಗ ಇರಲಿ ಎಂದು ಸಮುದ್ರ ದಾಟಿ ಬಂದು ಹಾರೈಸಿದ್ದೆನಲ್ಲ ಎಂದು ನಾಚಿಕೆಯಾಯಿತು. ದೋಣಿಗಳು ಬಂದವು, ಹೋದವು. ಬೆಳಕು ಕದಲಲಿಲ್ಲ. ಕಮಲಾಪುರದ ಅಂಗಳದಲ್ಲಿ ನಿಂತು ಶೀಷೆ ಒಡೆಯಿತು ಎಂದು ಹೇಳುವುದನ್ನು ಮನಸ್ಸಿನಲ್ಲೇ ಹೇಳಿ ನೋಡಿದೆ. ದೊಡ್ಡವ್ವ ಅದಕ್ಕೆ ಏನನ್ನುತ್ತಾಳೆ ಎಂಬುದೂ ಕೇಳಿಸಿತು.

ತಿರುಗಿ ಬಂದಾಗ ಇಂಗ್ರಿಡ್ ಆ ನಳಿಕೆಗಳನ್ನು ಹಿಡಿದುಕೊಂಡು ನನಗೇ ಕಾಯುತ್ತಿದ್ದಳು.

"ಇದಕ್ಕೆ 'ಇಲ್ಲ' ಎಂದು ಬರೆದಿದ್ದೀಯ. ಯಾಕೆ?"

ಗಂಟು ಎಲ್ಲಿದೆ ಎಂದು ಕೇಳಿದೆ. ಅವಳು ನಗಲಿಲ್ಲ. ಚಳಿಗಾಲದಲ್ಲಿ ಹಿಮ ಬಿದ್ದ ಒಂದು ಗುಡ್ಡವನ್ನು ಊಹಿಸಿಕೋ ಎಂದಳು.

"ಮಕ್ಕಳು ಒಬ್ಬೊಬ್ಬರೇ ಇದ್ದರೆ ಜಾರಿ ಜಾರಿ ಕೆಳಗಿನ ಗುಂಡಿಯಲ್ಲಿ ರಾಶಿ ಬೀಳುತ್ತಾರೆ. ಅದು ನೀನು ನೋಡಿದ ಬೊಟ್ಟು. ಎಲ್ಲರೂ ಕೈ ಕೈ ಹಿಡಿದುಕೊಂಡರೆ? ಜಾರುವುದಿಲ್ಲ. ಇಳಿಜಾರಿನ ಮೇಲೆ ಬಲೆಯ ಹಾಗೆ ನಿಂತುಬಿಡುತ್ತಾರೆ. ಇದು ಬಲೆ. ಇಷ್ಟು ಗಟ್ಟಿಯಾದ ಬಲೆಯನ್ನು ನಾನು ಈ ತಿಂಗಳಲ್ಲಿ ನೋಡಿಲ್ಲ."

ಮತ್ತೆ ಕನ್ನಡಿಯ ಮೇಲೆ ನೋಡಿದೆ. ಹರಡಿದ ಕೆಂಪು. ನಾನು ಅದನ್ನು ಮೊದಲ ಸಲ ನೋಡುತ್ತಿರಲಿಲ್ಲ. ಬೆಳೆದ ಮನೆಯಲ್ಲಿ ಪ್ರತಿ ಮುಂಜಾನೆ ಅದನ್ನೇ ನೋಡಿದ್ದೆ, ಸಣ್ಣವ್ವನ ಹಣೆಯ ಮೇಲೆ.

ಮುಂಜಾನೆ ಮಾತ್ರ ಕೈ ಬಿಗಿಯುವುದು ಯಾಕೆ ಎಂದು ಇಂಗ್ರಿಡ್‌ಳನ್ನು ಕೇಳಿದೆ. ಅದು ಈ ಬೇನೆಯದೇ ನಡತೆ, ನಮ್ಮ ರೋಗಿಗಳೂ ಬೆಳಿಗ್ಗೆ ಅಂಗಿಯ ಗುಂಡಿ ಹಾಕಿಕೊಳ್ಳಲಾರದೆ ಅಳುತ್ತಾರೆ ಎಂದಳು. ನಾನು ಗೋಡೆಯ ಕಡೆ ತಿರುಗಿ ನಿಂತೆ. ಅಲ್ಲಿಯ ಜನರ ಒಳ್ಳೆಯ ಗುಣವೊಂದಿದೆ: ಇಂಥ ಹೊತ್ತಿನಲ್ಲಿ ಹೆಗಲು ಮುಟ್ಟುವುದಿಲ್ಲ. ಇಂಗ್ರಿಡ್ ನಳಿಕೆ ತೊಳೆಯತೊಡಗಿದಳು. ಸ್ವಲ್ಪ ಹೊತ್ತಾದ ಮೇಲೆ ನಾನೂ ಜೊತೆಯಾದೆ.

ಕಮಲಾಪುರ, ರೊಟ್ಟಿ ಹೊತ್ತು

ತಿರುಗಿ ಬರುವ ದಾರಿಯಲ್ಲಿ ಕತ್ತಲೆ ಕಂಡಾಗ ಹಳೆಯ ಗೆಳತಿಯನ್ನು ಕಂಡ ಹಾಗಾಯಿತು. ಕಲಬುರಗಿಯ ನಿಲ್ದಾಣದಲ್ಲಿ ಇಳಿದ ಮರುದಿನ ಮೊದಲ ಬಸ್ಸಿಗೇ ಕಮಲಾಪುರಕ್ಕೆ ಹೋದೆ. ಬೇಕೆಂದೇ ಮುಂಜಾನೆ ಹೋದೆ.

ದೊಡ್ಡವ್ವ ಪರಾತದ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಸಣ್ಣವ್ವ ಮೂಲೆಯಲ್ಲಿ ಎರಡೂ ಅಂಗೈಗಳ ನಡುವೆ ಚರಿಗೆಯನ್ನು ಹಿಡಿದು ನೀರು ಬಗ್ಗಿಸುತ್ತಿದ್ದಳು. ಅವಳ ಬೊಟ್ಟು ಹುಬ್ಬಿನ ಕಡೆಗೆ ಹರಡಿತ್ತು. ನನ್ನನ್ನು ನೋಡಿದಳು, ಏನೂ ಕೇಳಲಿಲ್ಲ.

ಕೇಳಿದ್ದು ದೊಡ್ಡವ್ವ. "ಬಂದ್ಯಾ ಯವ್ವ? ಏನಂದರು ನಿನ್ನ ವಿಲಾಯತಿ ಮಂದಿ? ನಮ್ಮ ರಾಣಿ ಕೈಗಿ ಏನೂ ಆಗಿಲ್ಲ ಅಂದಿರಬೇಕು."

ನಾನು ಗೂಡಿನಿಂದ ಕುಂಕುಮದ ಕರಡಿಗೆ ತಂದು, ಒದ್ದೆ ತಟ್ಟೆಯ ಮೇಲೆ ಒಂದು ದುಂಡು ಬೊಟ್ಟು ಇಟ್ಟೆ. ಪಕ್ಕದಲ್ಲಿ ಇನ್ನೊಂದನ್ನಿಟ್ಟು ಬೆರಳಿನಿಂದ ಹರಡಿದೆ. ಚೊಲೊ ಇದ್ದವರ ರಕ್ತ ಹಾಕಿದರೆ ಕುರಿಯ ರಕ್ತ ಹೀಗೆ ನಿಲ್ಲುತ್ತದೆ, ಬೇನೆ ಇದ್ದವರದ್ದು ಹಾಕಿದರೆ ಹೀಗೆ ಹರಡುತ್ತದೆ ಎಂದೆ. ಸಣ್ಣವ್ವನದು ಹರಡಿತು. ಅಲ್ಲಿಯ ಡಾಕ್ಟರು ಅಷ್ಟು ಜೋರಾಗಿ ಹರಡಿದ್ದನ್ನು ಬಹಳ ದಿನ ನೋಡಿರಲಿಲ್ಲ.

ರೊಟ್ಟಿಯ ಸದ್ದು ನಿಂತಿತು. ದೊಡ್ಡವ್ವ ತಟ್ಟೆಯನ್ನು ನೋಡಿದಳು, ಆಮೇಲೆ ಸಣ್ಣವ್ವನ ಹಣೆಯನ್ನು.

"ಮತ್ತ ಮುಂಜಾನಿ ಅಷ್ಟೇ ಯಾಕ?" ದನಿ ತಗ್ಗಿತ್ತು.

"ಆ ಬ್ಯಾನಿ ಇರೋದೇ ಹಂಗ, ದೊಡ್ಡವ್ವ. ಅಲ್ಲಿ ಮಂದಿಗೂ ಮುಂಜಾನಿಗೇ ಬರ್ತದ. ಅವರ ಮನ್ಯಾಗ ರೊಟ್ಟಿ ಬಡ್ಯಂಗಿಲ್ಲ."

ಸಣ್ಣವ್ವ ಚರಿಗೆಯನ್ನು ಕೆಳಗಿಟ್ಟಳು. "ಹೋಗ್ತದೇನು ಇದು?"

ಹೋಗುವುದಿಲ್ಲ ಎಂದೆ. ಮುಂಜಾನೆ ಬಿಸಿನೀರಿನಲ್ಲಿ ಕೈ ಇಟ್ಟರೆ, ಗುಳಿಗೆ ತೆಗೆದುಕೊಂಡರೆ, ಕೆಲಸ ಕಡಿಮೆ ಮಾಡಿದರೆ ನೋವು ತಗ್ಗುತ್ತದೆ. ಬೇರೆ ಏನೂ ಸೇರಿಸಿ ಹೇಳಲಿಲ್ಲ. ಅವಳು ತಲೆ ಆಡಿಸಿದಳು, ಗೊತ್ತಿದ್ದ ಸುದ್ದಿ ಕೇಳಿದವಳಂತೆ. ಆಮೇಲೆ ಅವಳ ಮುಖದಲ್ಲಿ ನಗು ಬಂತು, ಶಹಾಬಜಾರದಲ್ಲಿ ನಕ್ಕ ಅದೇ ನಗು.

"ಎಲ್ಲೀದೋ ಕುರಿ ನನ್ನ ಖೂನ ಹಿಡೀತು ನೋಡು," ಎಂದಳು. "ಮನಿ ಮಂದಿ ಹಿಡೀಲಿಲ್ಲ."

ದೊಡ್ಡವ್ವ ಸೆರಗಿಗೆ ಕೈ ಒರೆಸಿಕೊಂಡು ಎದ್ದು ಬಂದು ನನ್ನ ಕೈಯಿಂದ ಕರಡಿಗೆ ತೆಗೆದುಕೊಂಡಳು. ಸಣ್ಣವ್ವನ ಮುಂದೆ ಕೂತು, ಗದ್ದ ಹಿಡಿದು ಮುಖ ಎತ್ತಿಸಿ, ಹರಡಿದ್ದನ್ನು ಒದ್ದೆ ಸೆರಗಿನಿಂದ ಒರೆಸಿದಳು. ಉಂಗುರಬೆರಳಿನಿಂದ ಹೊಸ ಬೊಟ್ಟು ಇಟ್ಟಳು. ಅದರ ಸುತ್ತ ಜೋಳದ ಹಿಟ್ಟು ಒಂದಿಷ್ಟು ಮೆತ್ತಿಕೊಂಡಿತು.

ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ಹಾಗೆಯೇ ಕೂತಿದ್ದರು. ಹಂಚಿನ ಮೇಲೆ ರೊಟ್ಟಿ ಸೀಯುವ ವಾಸನೆ ಬಂತು. ಯಾರೂ ಏಳಲಿಲ್ಲ. ನಾನೇ ಹೋಗಿ ತಿರುವಿ ಹಾಕಿದೆ.